ಎರಡು ಹೋಳಾದ ಶಾಲಿಗ್ರಾಮ

ಬೇಸಿಗೆ ರಜೆ ಶುರುವಾಗಿ ಕಾಲೇಜು ಖಾಲಿಯಾಗಿತ್ತು. ರಾಣೆಬೆನ್ನೂರಿನ ನಮ್ಮ ಭೂವಿಜ್ಞಾನದ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಕೂತು ಕಲ್ಲಿನ ಮಾದರಿಗಳ ಧೂಳು ಒರೆಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದ. ಚಪ್ಪಲಿ ಹೊರಗೇ ಬಿಟ್ಟಿದ್ದ. ಪ್ರಯೋಗಾಲಯಕ್ಕೆ ಚಪ್ಪಲಿ ಬಿಟ್ಟು ಬಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮೇಡಂ, ನನ್ನ ಹೆಂಡ್ತಿಗೆ ನೀವು ಕಲಿಸೀರಿ," ಎಂದು ಅವಳ ಹೆಸರು ಹೇಳಿದ.

ನೆನಪಾಯಿತು. ಬ್ಯಾಡಗಿಯಿಂದ ದಿನಾ ಬಂದುಹೋಗುತ್ತಿದ್ದ ಹುಡುಗಿ. ಬೇರೆ ಪಾಠಕ್ಕೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದವಳು ಪಳೆಯುಳಿಕೆಯ ಪಾಠ ಬಂದರೆ ತಾನಾಗಿ ಮುಂದಿನ ಬೆಂಚಿಗೆ ಬರುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ಕೂರುವ ಮೊದಲೇ ಮದುವೆಯಾಗಿ ಹೊಸರಿತ್ತಿಗೆ ಹೋಗಿಬಿಟ್ಟಿದ್ದಳು.

ಅವನು ಚೀಲದಿಂದ ಒಂದು ಮಡಿವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದ. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕರಿಯ ಉರುಟು ಕಲ್ಲು, ಸರಿಯಾಗಿ ಎರಡು ಹೋಳಾಗಿತ್ತು. ಹೊರಮೈ ತಲೆಮಾರುಗಳ ಕೈ ತಾಗಿ ನುಣುಪಾಗಿತ್ತು. ಒಳಗೆ ಸುರುಳಿ.

"ಮನ್ಯಾಗಿನ ಶಾಲಿಗ್ರಾಮರಿ," ಎಂದ. ಆಮೇಲೆ ನಿಂತೇ ಎಲ್ಲ ಹೇಳಿದ. ತಂದೆ ತೀರಿಕೊಂಡ ಮೇಲೆ ಮನೆಯ ಪೂಜೆ ಅವನ ಪಾಲಿಗೆ ಬಂದಿತ್ತು. ಅವರ ಮನೆಯಲ್ಲಿ ಹೆಂಗಸರು ಶಾಲಿಗ್ರಾಮ ಮುಟ್ಟುವ ಪದ್ಧತಿಯಿಲ್ಲ. ಆದರೆ ದೇವರ ಮನೆಯ ಗೋಡೆಗೆ ಸುಣ್ಣ ಹಚ್ಚಬೇಕೆಂದು ಹೆಂಡತಿ ಅವತ್ತು ದೇವರ ಪೆಟ್ಟಿಗೆಯನ್ನು ಗೂಡಿನಿಂದ ಎತ್ತಿದಳು. ಕೈಜಾರಿತು. ಪೆಟ್ಟಿಗೆಯ ಮುಚ್ಚಳ ತೆರೆದುಕೊಂಡು ಶಾಲಿಗ್ರಾಮ ನೆಲಕ್ಕೆ ಉರುಳಿ ಎರಡಾಯಿತು.

"ಅವ್ವ ಬೈದಳೇನು?" ಎಂದೆ.

"ಬೈಲಿಲ್ಲರಿ. ಬೈದಿದ್ರ ಛಲೋ ಇತ್ತು. ಸುಮ್ಮನಾಗಿಬಿಟ್ಟಾಳ. ಇಕಿ ಈಗ ಏಳು ತಿಂಗಳ ಬಸುರಿ, ತವರುಮನಿಗೆ ಹೋಗ್ಯಾಳ. ಅಲ್ಲಿ ಒಂದು ತುತ್ತು ಸರಿಯಾಗಿ ಉಣ್ಣೂದಿಲ್ಲಂತ. ಕೂಸಿಗೆ ಏನರೆ ಆಗ್ತದ ಅಂತ ಹೆದರ್ಯಾಳ." ಸ್ವಲ್ಪ ತಡೆದು ಸೇರಿಸಿದ: "ಆ ಕಲ್ಲಿನೊಳಗ ಏನಿರ್ತದ ಅಂತ ನನಗ ಮದುವಿ ಆದ ಹೊಸದಾಗಿ ಹೇಳಿದಾಕೀನ ಅಕಿ, ಮೇಡಂ. ಎಲ್ಲಾ ಗೊತ್ತದ. ಗೊತ್ತಿದ್ದೂ ಹೆದರ್ಯಾಳ."

ಒಡೆದದ್ದನ್ನು ವರದಾ ಹೊಳೆಗೆ ಬಿಟ್ಟು ಬಾ ಎಂದು ತಾಯಿ ಹೇಳಿದ್ದಳು. ಹೊಳೆಯಲ್ಲಿ ನೀರಿಲ್ಲ, ಮಳೆಗಾಲದ ಹೊಸ ನೀರು ಬರಲಿ ಎಂದು ಇವನು ದಿನ ದೂಡಿದ್ದ. ಅಷ್ಟರೊಳಗೆ ಗೆರೆ ಕಾಣದ ಹಾಗೆ ನಾನು ಅದನ್ನು ಬೆಸೆದುಕೊಡಬೇಕು. ಮಠದ ಹಿರಿಯರೊಬ್ಬರು ಸರಿಮಾಡಿ ಕೊಟ್ಟರೆಂದು ತಾಯಿಗೆ ಹೇಳುವುದು ಅವನ ಉಪಾಯ.

ಬೆಸೆಯುವುದು ದೊಡ್ಡ ಕೆಲಸವಲ್ಲ ಎಂದುಕೊಂಡೆ. ಇಟ್ಟು ಹೋಗು ಎಂದೆ.

ನಿಜ ಹೇಳಬೇಕೆಂದರೆ ನನಗೆ ಆ ಕಲ್ಲನ್ನು ನೋಡುವ ಆಸೆಯೇ ದೊಡ್ಡದಾಗಿತ್ತು. ನಮ್ಮ ಸೀಮೆಯ ಬಂಡೆಗಳು ಬಹಳ ಹಳೆಯವು. ಚಿಪ್ಪು ಹೊತ್ತ ಜೀವಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ಮೇಡ್ಲೇರಿಯಿಂದ ಹಾವೇರಿಯವರೆಗೆ ಎಲ್ಲಿ ಅಗೆದರೂ ಸುರುಳಿ ಚಿಪ್ಪಿನ ಆ ಹಳೆಯ ಕಡಲಜೀವಿ, ಅಮ್ಮೊನೈಟ್, ಸಿಗುವುದಿಲ್ಲ. ನಮ್ಮ ಕಪಾಟಿನಲ್ಲಿ ಪ್ಲಾಸ್ಟರಿನ ಮಾದರಿಗಳಿದ್ದವು, ತಮಿಳುನಾಡಿನ ಪ್ರವಾಸದಿಂದ ತಂದ ಒಂದು ಸವೆದ ತುಣುಕಿತ್ತು, ಅಷ್ಟೇ. ಶಾಲಿಗ್ರಾಮ ಬರುವುದು ಹಿಮಾಲಯದ ಗಂಡಕಿ ನದಿಯಿಂದ. ಸಮುದ್ರದ ಕೆಸರಿನಲ್ಲಿ ಹೂತುಹೋದ ಅಮ್ಮೊನೈಟ್ ಚಿಪ್ಪಿನ ಸುತ್ತ ಕೆಸರು ಉಂಡೆಗಟ್ಟಿ ಕಲ್ಲಾದದ್ದು ಅದು. ಒಳಗೆ ಚಿಪ್ಪು ಇರುತ್ತದೆಂದು ಎಲ್ಲ ಅಧ್ಯಾಪಕರಂತೆ ನಾನೂ ವರ್ಷ ವರ್ಷ ಹೇಳಿದ್ದೆ. ಒಳಗನ್ನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಮೇಜು ಎಳೆದುಕೊಂಡು ಭೂತಗನ್ನಡಿ ಹಿಡಿದೆ. ಹೊರಗಿನ ಸುತ್ತುಗಳು ಒಂದು ಹೋಳಿನಲ್ಲಿ ಉಬ್ಬಾಗಿಯೂ ಇನ್ನೊಂದರಲ್ಲಿ ಅವುಗಳ ಅಚ್ಚು ತಗ್ಗಾಗಿಯೂ ಇದ್ದವು. ನಡುವೆ ಮಾತ್ರ ಒಡಕು ಚಿಪ್ಪನ್ನೇ ಸೀಳಿಕೊಂಡು ಹೋಗಿತ್ತು. ಅಲ್ಲಿ ಕೋಣೆಗಳು ಕಾಣುತ್ತಿದ್ದವು. ಒಂದರ ಹಿಂದೊಂದು, ಒಳಕ್ಕೆ ಹೋದಷ್ಟೂ ಚಿಕ್ಕದಾಗುತ್ತ, ಪ್ರತಿಯೊಂದರಲ್ಲೂ ಬಿಳಿಯ ಕ್ಯಾಲ್ಸೈಟ್ ಹರಳು ತುಂಬಿತ್ತು. ಕೋಣೆ ಕೋಣೆಗೆ ಮಧ್ಯೆ ಕೂದಲೆಳೆಯಂಥ ಕಂದು ಗೋಡೆ. ಆ ಗೋಡೆ ಮಧ್ಯದಲ್ಲಿ ನೇರವಾಗಿದ್ದು ಚಿಪ್ಪಿಗೆ ತಾಗುವ ಅಂಚಿನಲ್ಲಿ ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆಯಾಗುತ್ತದೆ. ಹೊರಚಿಪ್ಪು ಕಿತ್ತುಹೋದ ಒಂದು ಕಡೆ ಆ ಮಡಿಕೆಗಳ ಗೆರೆ ಎಲೆಯ ಅಂಚಿನಂತೆ ಎದ್ದು ಕಾಣುತ್ತಿತ್ತು. ಬೋರ್ಡಿನ ಮೇಲೆ ನಾನು ಎಷ್ಟೋ ಸಲ ಬರೆದ ಗೆರೆ. ನನ್ನ ಚಿತ್ರ ಎಷ್ಟು ಒರಟಾಗಿತ್ತು ಎಂದು ಆವತ್ತು ತಿಳಿಯಿತು.

ಆ ಪ್ರಾಣಿ ಇದ್ದದ್ದು ಎಲ್ಲಕ್ಕಿಂತ ಹೊರಗಿನ ಕೋಣೆಯಲ್ಲಿ ಮಾತ್ರ. ಮೈ ಬೆಳೆದ ಹಾಗೆ ಚಿಪ್ಪಿನ ಬಾಯಿ ಮುಂದಕ್ಕೆ ಬೆಳೆಸಿಕೊಂಡು, ತಾನೂ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆ ಕಟ್ಟುತ್ತಿತ್ತು. ಬಿಟ್ಟ ಕೋಣೆಗಳಲ್ಲಿ ಗಾಳಿ ತುಂಬಿಕೊಂಡು ತೇಲುತ್ತಿತ್ತು. ಎಲ್ಲ ಕೋಣೆಗಳನ್ನೂ ಹಾಯ್ದು ಹೊರ ಅಂಚಿನಗುಂಟ ಹೋಗುವ ಒಂದು ಸಣ್ಣ ಕೊಳವೆ. ಅದೂ ಅಲ್ಲಲ್ಲಿ ಕಂಡಿತು. ನಾನು ಊಟಕ್ಕೆ ಹೋಗುವುದನ್ನೂ ಮರೆತೆ.

ಕೆಲಸದಲ್ಲಿ ಮೊದಲ ತೊಡಕು ಬೇಗನೇ ಬಂತು. ಎರಡು ಹೋಳುಗಳನ್ನು ಹಾಗೇ ಜೋಡಿಸಿ ನೋಡಿದರೆ ಒಂದಕ್ಕೊಂದು ಕೂರುತ್ತಿರಲಿಲ್ಲ. ನಡುವೆ ಉಗುರು ಹೋಗುವಷ್ಟು ಸಂದು. ಅಂಚಿನಲ್ಲಿ ಹಿತ್ತಾಳೆ ಬಣ್ಣದ ಚುಕ್ಕೆಗಳಿದ್ದವು. ಅದು ಪೈರೈಟ್, ಕಬ್ಬಿಣ ಗಂಧಕ ಕೂಡಿದ ಖನಿಜ. ದಿನಾ ಅಭಿಷೇಕದ ನೀರು ಕುಡಿದು ಕುಡಿದು ಅದು ಕೆಟ್ಟು, ಬಿಳಿ ಪುಡಿಯಾಗಿ ಊದಿಕೊಂಡಿತ್ತು. ಬಲ್ಬಿನ ಕೆಳಗಿಟ್ಟು ಒಣಗಿಸಿ, ಸೂಜಿಯಿಂದ ಪುಡಿಯನ್ನು ಕೆರೆದು ತೆಗೆದೆ. ಒಮ್ಮೆ ಸೂಜಿ ಜಾರಿ ಅಂಚಿನ ಒಂದು ತೆಳು ಚಕ್ಕೆ ಎದ್ದುಬಂತು. ಚಕ್ಕೆಯನ್ನು ಎತ್ತಿ ಗಾಜಿನ ತಟ್ಟೆಯಲ್ಲಿಟ್ಟು, ಆ ದಿನ ಅಷ್ಟಕ್ಕೇ ನಿಲ್ಲಿಸಿದೆ.

ಪುಡಿಯೆಲ್ಲ ಹೋದ ಮೇಲೂ ಸಂದು ಉಳಿಯಿತು. ಸುತ್ತಲಿನ ಅಂಚಿನಗುಂಟ ಏನೋ ಕೆಂಪಗೆ ಅಂಟಿತ್ತು. ಕುಂಕುಮ ಇಳಿದು ಗಟ್ಟಿಯಾಗಿದೆ ಎಂದುಕೊಂಡು ನೀರಿನಲ್ಲಿ ಅದ್ದಿದ ಕುಂಚದಿಂದ ಉಜ್ಜಿದೆ. ನೀರಿಗೆ ಬಣ್ಣ ಬಿಡಲಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒತ್ತಿದೆ. ಹತ್ತಿ ಕೆಂಪಾಯಿತು. ಸಮಾಧಾನವಾಗಿ ಸ್ವಲ್ಪ ಸ್ವಲ್ಪವೇ ತೊಳೆಯುತ್ತ ಹೋದೆ.

ಕಾಲು ಸುತ್ತು ತೊಳೆದಿದ್ದೆನೇನೋ, ಅಷ್ಟರಲ್ಲಿ ಅನುಮಾನ ಬಂತು. ಕುಂಕುಮ ಸ್ಪಿರಿಟ್ಟಿನಲ್ಲಿ ಹೀಗೆ ಅಂಟಂಟಾಗಿ ಕರಗುವುದಿಲ್ಲ. ಭೂತಗನ್ನಡಿ ಹಿಡಿದರೆ ಆ ಕೆಂಪಿಗೆ ದಪ್ಪವಿತ್ತು, ಒಳಗೆ ಸಣ್ಣ ಗುಳ್ಳೆಗಳಿದ್ದವು, ಹೊರ ಅಂಚನ್ನು ಯಾರೋ ಚಾಕುವಿನಿಂದ ಓರೆಯಾಗಿ ಕೆರೆದು ಸಮ ಮಾಡಿದ್ದರು. ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸಿ ಮುಟ್ಟಿಸಿದೆ. ಮೆತ್ತಗಾಯಿತು. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ನನಗೆ ಗೊತ್ತಿತ್ತು. ಪೋಸ್ಟಿನಲ್ಲಿ ಪಾರ್ಸಲ್ಲಿನ ಮೇಲೆ ಮುದ್ರೆ ಒತ್ತುವಾಗ ಬರುವ ವಾಸನೆ. ಅದು ಅರಗು.

ಸ್ಪಿರಿಟ್ಟಿನ ಬಾಟಲಿಗೆ ಮುಚ್ಚಳ ಹಾಕಿ ದೂರ ಇಟ್ಟೆ. ಮತ್ತೆ ಮೊದಲಿನಿಂದ ಒಡಕಿನ ಮೈಯನ್ನೇ ನೋಡುತ್ತ ಕೂತೆ. ಹೊಸದಾಗಿ ಒಡೆದ ಕಲ್ಲಿನ ಮೈ ಬಿಸಿಲಿಗೆ ಮಿಣಮಿಣ ಅನ್ನುತ್ತದೆ. ನಿನ್ನೆ ನಾನೇ ಎಬ್ಬಿಸಿದ ಚಕ್ಕೆಯ ಜಾಗ ಹಾಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಮಂಕಾಗಿತ್ತು. ಎಣ್ಣೆ ಇಳಿದು ಕಂದಾಗಿತ್ತು, ತಗ್ಗುಗಳಲ್ಲಿ ಗಂಧದ ಕೆನೆ ಒಣಗಿ ಕೂತಿತ್ತು. ಇಡೀ ಒಡಕಿನಲ್ಲಿ ಹೊಸದು ಎಂಬುದು ನನ್ನ ಸೂಜಿಯ ಗಾಯವೊಂದೇ. ಹುಡುಗಿಯ ಕೈಯಿಂದ ಬಿದ್ದಾಗ ಒಡೆದದ್ದು ಶಾಲಿಗ್ರಾಮವಲ್ಲ. ಯಾವತ್ತೋ ಒಡೆದದ್ದನ್ನು ಯಾರೋ ಬೆಸೆದಿದ್ದರು. ಆ ಬೆಸುಗೆ ಬಿಟ್ಟಿತ್ತು.

ಮುಂದಿನ ವಾರ ಹುಡುಗಿಯ ಗಂಡ ಬಂದಾಗ ಕೇಳಿದೆ, "ನಿಮ್ಮ ತಂದೀಯವರು ಏನು ಕೆಲಸಾ ಮಾಡ್ತಿದ್ರು?"

"ಪೋಸ್ಟಿನ್ಯಾಗ ಇದ್ರರಿ. ಊರೂರು ತಿರುಗಿ ಕಡೀಕ ಪೋಸ್ಟ್ ಮಾಸ್ತರ್ ಆಗಿ ರಿಟೈರ್ ಆದ್ರು."

ಅವನಿಗೆ ಭೂತಗನ್ನಡಿ ಕೊಟ್ಟು ಅರಗನ್ನೂ ಒಡಕಿನ ಮೈಯನ್ನೂ ತೋರಿಸಿದೆ. ದಿನಾ ಪೂಜೆಯಲ್ಲಿ ಕಂಡ ಆ ಗೆರೆಯನ್ನು ಅವನೂ ಕುಂಕುಮವೆಂದೇ ತಿಳಿದಿದ್ದನಂತೆ. ಬಹಳ ಹೊತ್ತು ಬಾಗಿ ನೋಡಿದ. ಎದ್ದಾಗ ಮುಖದಲ್ಲಿ ನಾನು ನಿರೀಕ್ಷಿಸಿದ ಹಗುರವಿರಲಿಲ್ಲ.

"ಅವ್ವಗ ಇದು ಗೊತ್ತಾಗೂದು ಬ್ಯಾಡ ಮೇಡಂ," ಎಂದ. "ಅಪ್ಪಾ ಅಂದ್ರ ಅಕಿಗೆ ದೇವರಿಗಿಂತ ಹೆಚ್ಚು. ತುಳಸಿ ಎಲಿ ಒಂಚೂರು ಹರದಿದ್ರ ಬ್ಯಾರೆ ತಾ ಅಂತಿದ್ದ ಮನುಷ್ಯಾ. ಅಂಥಾವ್ರು ಒಡದದ್ದನ್ನ ಪೂಜಿ ಮಾಡ್ಯಾರ, ಯಾರಿಗೂ ಹೇಳಧಂಗ ಇಟ್ಟಾರ ಅಂದ್ರ ಅಕಿ ಹೆಂಗ ತಡಕೋತಾಳ? ನೀವು ಅದನ್ನ ತೊಳದು, ಗಟ್ಟಿ ಹಚ್ಚಿ ಕೊಟ್ಟುಬಿಡ್ರಿ."

ಕಪಾಟಿನಲ್ಲಿ ಎರಡು ಕೊಳವೆಯ ಗಟ್ಟಿ ಅಂಟು ಇತ್ತು. ಉಳಿದ ಅರಗನ್ನು ತೊಳೆದುಬಿಟ್ಟರೆ ಸಂಜೆಯೊಳಗೆ ಗೆರೆ ಕಾಣದ ಹಾಗೆ ಕೂರಿಸಬಹುದಿತ್ತು. ನನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು. ಆದರೆ ಬ್ಯಾಡಗಿಯಲ್ಲಿ ಉಣ್ಣದೆ ಕೂತವಳಿಗೆ ಅದರಿಂದ ಏನು ಬಂತು? ಅವಳು ತನ್ನ ಕಣ್ಣಾರೆ ಅದು ಎರಡಾದದ್ದನ್ನು ನೋಡಿದ್ದಳು. ನಾನು ಎಷ್ಟು ನುಣ್ಣಗೆ ಬೆಸೆದರೂ ತಾನು ಒಡೆದೆನೆಂಬುದು ಅವಳೊಳಗೆ ಉಳಿಯುತ್ತಿತ್ತು. ಅವಳು ಒಡೆಯಲಿಲ್ಲ ಎಂದು ಹೇಳುವ ಸಾಕ್ಷಿ ಈ ಕೆಂಪು ಅಂಚು ಮಾತ್ರ. ಅದರಲ್ಲಿ ಕಾಲುಭಾಗವನ್ನು ನಾನು ಈಗಾಗಲೇ ತೊಳೆದುಬಿಟ್ಟಿದ್ದೆ.

"ನಾ ಇದನ್ನ ಹಚ್ಚೂದಿಲ್ಲ," ಎಂದೆ. "ಮೊದಲು ನಿಮ್ಮ ತಾಯಿಗೆ ತೋರಸ್ತೀನಿ. ಆಮ್ಯಾಲೆ ಅವ್ರು ಹೊಳಿಗೆ ಬಿಡು ಅಂದ್ರ ಹೊಳಿಗೆ, ಹಚ್ಚು ಅಂದ್ರ ಹಚ್ಚೂದು."

ಅವನು ಕಿಟಕಿಯ ಕಡೆ ತಿರುಗಿ ನಿಂತ. ಕೊನೆಗೆ, "ಹಂಗಾರ ನೀವ ಬಂದು ಹೇಳ್ರಿ. ನನ್ನ ಬಾಯಿಲೆ ಆಗೂದಿಲ್ಲ," ಎಂದ.

ಹೊಸರಿತ್ತಿಗೆ ಹೋದಾಗ ಆತನ ತಾಯಿ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ಸಣ್ಣ ಮೈಕಟ್ಟಿನ, ದಪ್ಪ ಗಾಜಿನ ಕನ್ನಡಕದ ಹೆಂಗಸು. ಮಜ್ಜಿಗೆ ಕೊಟ್ಟು ಉಪಚಾರ ಮಾಡಿದರು. ಗಂಟು ಕಂಡ ಕೂಡಲೇ ಕೈ ನಿಂತಿತು.

"ಹೊಳಿಗೆ ಹೋಗೂದು ಇಲ್ಲಿಗ್ಯಾಕ ಬಂತು ಅಕ್ಕೋರ?"

"ಒಂದು ಸಲ ನೋಡ್ರಿ ಅಮ್ಮಾರ. ನೋಡಿದ ಮ್ಯಾಲೆ ನೀವು ಹೇಳಿಧಂಗ."

ಮಣೆಯ ಮೇಲೆ ಇಡಿಸಿಕೊಂಡರು. ಮುಟ್ಟಲಿಲ್ಲ. ನಾನೇ ಹೋಳನ್ನು ಬಿಸಿಲಿಗೆ ತಿರುಗಿಸಿ ಹಿಡಿದು, ಇದು ಹಳೇ ಒಡಕು, ಇದು ಅರಗು, ನಿಮ್ಮ ಸೊಸೆಯ ಕೈಯಿಂದ ಬಿದ್ದಾಗ ಬಿಟ್ಟದ್ದು ಈ ಬೆಸುಗೆ ಎಂದು ಒಂದೊಂದಾಗಿ ಹೇಳಿದೆ. ಮಗ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕಲ್ಲಿಗೆ ಮೂಗು ತಾಗುವಷ್ಟು ಬಾಗಿದರು.

"ಇದು ಇವರ ಕೆಲಸ," ಎಂದರು.

"ಹೆಂಗ ಗೊತ್ತಾತು ಅವ್ವಾ?" ಎಂದ ಮಗ.

"ಹೆಂಗ ಗೊತ್ತಾತು ಅಂದ್ರ? ಅರಗು ಹಚ್ಚಿ ಚಾಕುಲೆ ಹಿಂಗ ಓರಿಗೆ ಕೆರಿಯೋದು ಮತ್ಯಾರು? ನಿಮ್ಮಪ್ಪ ಛತ್ರಿ ಹಿಡಿಕಿಗೂ ಅರಗು, ಈಳಿಗಿ ಮಣಿಗೂ ಅರಗು. ನನ್ನ ಬಾಚಣಿಕಿ ಮುರದ್ರ ಅದಕ್ಕೂ ಹಚ್ಚಿ ಕೊಟ್ಟಿದ್ರು." ನಗುತ್ತಿದ್ದರು. ನಗುತ್ತಲೇ ಕಣ್ಣು ತುಂಬಿಕೊಂಡಿತು.

"ಮೊದಲಿಂದೊಂದು ಕೂಸು ಹೊಟ್ಟ್ಯಾಗನ ಹೋಗಿತ್ತು ನನಗ," ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. "ಆಮ್ಯಾಲೆ ಇವಾ ಹೊಟ್ಟ್ಯಾಗಿದ್ದಾಗ ಒಂದ ದಿನ ದೇವರಮನಿ ಬಾಗಲಾ ಹಾಕ್ಕೊಂಡು ಬಾಳ ಹೊತ್ತು ಕೂತ್ರು. ಯಾಕ ಅಂದ್ರ, ಇವತ್ತ ಪಾರಾಯಣ ಹೆಚ್ಚದ ಅಂದ್ರು. ಅವತ್ತಿಂದ ದೇವರ ಪೆಟ್ಟಿಗಿ ನನಗ ಎತ್ತಗೊಡಲಿಲ್ಲ. ನಿನಗ ಭಾರ ಆಗ್ತದ, ನಾ ಎತ್ತತೀನಿ ಅಂತಿದ್ರು. ಇವಾ ಹುಟ್ಟಿದ ಮ್ಯಾಲೂ ಎತ್ತಗೊಡಲಿಲ್ಲ." ತಲೆಯಾಡಿಸಿದರು. "ಅವತ್ತ ಒಡದಿತ್ತೋ, ಬ್ಯಾರೆ ಯಾವಾಗರೆ ಒಡದಿತ್ತೋ. ಇನ್ನ ಯಾರನ್ನ ಕೇಳೂದು? ನಾ ಹೆದರ್ತೀನಿ ಅಂತ ಹೇಳಲಿಲ್ಲ ಅಷ್ಟ."

ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಾ ಆ ಹುಡುಗಿಗೆ ಒಂದು ಮಾತು ಅಂದಿಲ್ಲ ಅಕ್ಕೋರ."

"ಗೊತ್ತದರಿ."

"ಒಂದು ಮಾತೂ ಆಡ್ಲಿಲ್ಲ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಬೆರಳುದ್ದದ ಒಂದು ಕೆಂಪು ಅರಗಿನ ತುಂಡಿತ್ತು. "ಇದು ಅವರದ. ಇದು ನಡೀತದೇನು ನೋಡ್ರಿ," ಎಂದು ನನ್ನ ಕೈಗಿತ್ತು ಮಗನಿಗೆ ಹೇಳಿದರು, "ನಾಳೆ ಬ್ಯಾಡಗಿಗೆ ಹೋಗೂಣು. ಅಕ್ಕೋರೂ ಬರ್ತಾರ."

ನಾನು ಬರುತ್ತೇನೋ ಇಲ್ಲವೋ ಎಂದು ಅವರು ಕೇಳಲಿಲ್ಲ.

ಮುಂದೆ ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು ಹುಟ್ಟಿತು, ಬಾಣಂತನ ಮುಗಿದ ಮೇಲೆ ಅವಳು ಬಿಟ್ಟ ಪರೀಕ್ಷೆಗೂ ಕಟ್ಟಿದಳು. ಅವೆಲ್ಲ ನನಗೆ ಆಮೇಲೆ ತಿಳಿದ ಸುದ್ದಿಗಳು. ನಾನೇ ಕಂಡದ್ದು ಬ್ಯಾಡಗಿಯ ಆ ಮಧ್ಯಾಹ್ನವನ್ನು.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಕೆಳಗೆ ಕಪ್ಪು. ತೋಳು ಸೊರಗಿ ಬಳೆಗಳು ಮೊಳಕೈಯವರೆಗೆ ಜಾರುತ್ತಿದ್ದವು. ಅತ್ತೆಯನ್ನು ಕಂಡು ಏಳಲು ಹೋದಳು. ಅತ್ತೆ ಅವಳ ಭುಜ ಹಿಡಿದು ಕೂರಿಸಿ ಪಕ್ಕದಲ್ಲೇ ಕೂತರು.

"ತಂಗೀ, ಅದನ್ನ ನೀ ಒಡದಿಲ್ಲ," ಎಂದರು. ಪೀಠಿಕೆಯಿಲ್ಲದೆ ಇದೊಂದೇ ಮಾತು. ಆಮೇಲೆ ಅರಗಿನ ವಿಷಯ, ಮಾವನ ವಿಷಯ ಹೇಳಿದರು.

ಹುಡುಗಿ ಅತ್ತೆಯ ಮುಖ ನೋಡಿದಳು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಳು ಅಂತ ಕಾಣುತ್ತದೆ. ನನ್ನ ಕಡೆ ತಿರುಗಿ, "ಖರೇನ ಮೇಡಂ?" ಎಂದಳು.

ನಾನು ಹೌದೆನ್ನಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ಅವಳ ಕೈಗೆ ಕೊಟ್ಟೆ. "ನೀನ ನೋಡು. ಹೊಸಾ ಒಡಕು ಯಾವುದು, ಹಳೇದು ಯಾವುದು ಅಂತ ಹೇಳು. ಕಲಿಸೀನಲ್ಲ?"

ಕೈ ಮುಂದೆ ಮಾಡಿದವಳು ಹಿಂದೆ ತೆಗೆದಳು. ಅತ್ತೆಯತ್ತ ನೋಡಿದಳು.

"ಮುಟ್ಟು," ಎಂದರು ಅವರು. "ಇದು ಈಗ ಪೆಟ್ಟಿಗ್ಯಾಗಿಲ್ಲ, ದುರಸ್ತಿಗೆ ಬಂದದ. ಕೂಡಿಸಿದ ಮ್ಯಾಲೆ ಇವಾ ಶುದ್ಧಿ ಮಾಡಿ ಒಳಗ ಇಡ್ತಾನ. ಅಲ್ಲೀತನಕ ನಮ್ಮ ಕೈಯಾಗ ಇರ್ಲಿ."

ಅವಳು ಹೋಳನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಗಾಜನ್ನು ಕಣ್ಣಿಗೆ ಹತ್ತಿರ ಇಟ್ಟುಕೊಂಡು ಕಲ್ಲನ್ನು ಗಾಜಿನ ಬಳಿಗೆ ತಂದಳು. ನಾನು ತರಗತಿಯಲ್ಲಿ ಹೇಳಿಕೊಟ್ಟ ರೀತಿ. ಅಂಚಿನಗುಂಟ ನಿಧಾನವಾಗಿ ಸುತ್ತು ಹಾಕಿದಳು. ಒಂದು ಕಡೆ ತಡೆದು, "ಇದೊಂದು ಹೊಸದದ," ಎಂದಳು.

"ಅದು ನನ್ನ ಸೂಜಿ ತಾಗಿದ್ದು."

"ಉಳದದ್ದು ಎಲ್ಲಾ ಹಳೇದು. ಹೊಳಪಿಲ್ಲ. ಗಂಧ ಒಳಗಿಳದದ." ಗಾಜು ಕೆಳಗಿಟ್ಟಳು. "ನಾ ಒಡದಿಲ್ಲ ಅತ್ಯಾ."

"ಅದನ್ನ ನಾ ಹೇಳಿದೆ. ನಂಬಲಿಲ್ಲ ನೀ," ಎಂದು ಅತ್ತೆ ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. ಅವಳು ಅತ್ತು ಮುಗಿಸುವವರೆಗೆ ನಾನೂ ಅವಳ ಗಂಡನೂ ಅಂಗಳ ನೋಡುತ್ತ ನಿಂತೆವು. ಅವಳ ತಾಯಿ ಒಳಗಿನಿಂದ ಅನ್ನ ಕಲಸಿದ ತಟ್ಟೆ ತಂದು ಬೀಗಿತ್ತಿಯ ಕೈಗೆ ಕೊಟ್ಟು ಸುಮ್ಮನೆ ಹೋದರು.

ತುತ್ತು ಬಾಯಿಗಿಡುತ್ತ ಅತ್ತೆ ಕೇಳಿದರು, "ಇದರಾಗ ಇಷ್ಟು ಖೋಲಿ ಯಾಕ?"

ಹುಡುಗಿ ನುಂಗಿ, ಕಣ್ಣೊರೆಸಿಕೊಂಡು ಹೇಳತೊಡಗಿದಳು. ಪ್ರಾಣಿ ಹೊರಗಿನ ಕೋಣೆಯಲ್ಲಿದ್ದದ್ದು, ಬೆಳೆದ ಹಾಗೆ ಮುಂದೆ ಸರಿದದ್ದು, ಹಿಂದೆ ಗೋಡೆ ಕಟ್ಟಿದ್ದು. ಮಧ್ಯದಲ್ಲಿ ಗಾಜು ಹಿಡಿದರೆ ಮಾತ್ರ ಕಾಣುವ ಗಸಗಸೆಯಷ್ಟು ಸಣ್ಣ ಗುಂಡನೆಯ ಜಾಗವನ್ನು ತೋರಿಸಿ, "ತತ್ತಿಯಿಂದ ಹೊರಗ ಬರೂದಕ್ಕಿಂತ ಮೊದಲನ ಇದು ಆಗಿರ್ತದ ಅತ್ಯಾ. ಎಷ್ಟ ದೊಡ್ಡದಾದರೂ ಇದು ಒಳಗ ಹಂಗ ಇರ್ತದ," ಎಂದಳು. ಅತ್ತೆ ಕನ್ನಡಕದ ಮೇಲೆ ಗಾಜು ಹಿಡಿದು ಕಾಣದೆ, ಕನ್ನಡಕ ತೆಗೆದು ನೋಡಿ, ಕಂಡಿತೆಂದು ತಲೆಯಾಡಿಸಿದರು. ತಟ್ಟೆ ಖಾಲಿಯಾದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಆಮೇಲೆ ನನ್ನ ಕೆಲಸ. ಹೋಳುಗಳನ್ನು ಅಂಗಳದ ಬಿಸಿಲಿಗಿಟ್ಟು ಬೆಚ್ಚಗೆ ಮಾಡಿದೆ. ಕಲ್ಲು ತಣ್ಣಗಿದ್ದರೆ ಅರಗು ತಾಗಿದ ಕ್ಷಣವೇ ಬಿಗಿದುಬಿಡುತ್ತದೆ. ಬೆಂಕಿಗೆ ಹಿಡಿದರೆ ಕ್ಯಾಲ್ಸೈಟ್ ಬಿರಿಯುತ್ತದೆ. ನಾನು ತೊಳೆದುಹಾಕಿದ ಕಾಲು ಸುತ್ತಿಗೆ ಮಾತ್ರ ಹೊಸ ಅರಗು ಹಾಕುವುದೆಂದು ನಿಶ್ಚಯಿಸಿದ್ದೆ. ಉಳಿದ ಕಡೆ ಹಳೆಯದನ್ನೇ ಕಾಯಿಸಿದ ಚಮಚದ ಹಿಡಿಯಿಂದ ಮೆತ್ತಗೆ ಮಾಡಿದರಾಯಿತು. ಎದ್ದ ಚಕ್ಕೆಯನ್ನೂ ಅದರ ಜಾಗದಲ್ಲಿ ಕೂರಿಸಿದೆ. ಸ್ಪಿರಿಟ್ ದೀಪದ ಮೇಲೆ ಮಾವನ ತುಂಡನ್ನು ಕರಗಿಸಿ ಹನಿಹನಿಯಾಗಿ ಅಂಚಿಗಿಟ್ಟೆ. ಕೋಣೆಗಳ ಮೇಲೆ ಒಂದು ಹನಿಯೂ ಬೀಳಬಾರದು. ಹಳೆಯ ಅರಗು ಕಂದಿತ್ತು, ಹೊಸದು ಕಡುಗೆಂಪು. ಗೆರೆ ಎದ್ದು ಕಾಣುತ್ತಿತ್ತು. ಇರಲಿ ಎಂದರು ಅತ್ತೆ. ಇನ್ನು ಮೇಲೆ ದಿನಾ ನೀರಿನಲ್ಲಿ ಮುಳುಗಿಸಬಾರದು, ಒದ್ದೆ ತುಳಸಿ ತಾಗಿಸಿ ಒಣ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಒಳಗಿನ ಪೈರೈಟ್ ಮತ್ತೆ ಊದುತ್ತದೆ ಎಂದು ಮಗನಿಗೆ ಹೇಳಿದೆ.

ಎರಡು ಹೋಳನ್ನು ಸೇರಿಸಿದ ಮೇಲೆ ಅಲುಗದಂತೆ ಒತ್ತಿ ಹಿಡಿಯಬೇಕು. ನನ್ನ ಕೈಯಲ್ಲಿ ಚಮಚವಿತ್ತು. "ಯಾರರೆ ಹಿಡೀರಿ," ಎಂದೆ.

ಅತ್ತೆ ಒಂದು ಕಡೆಯಿಂದ ಅಂಗೈ ಕೊಟ್ಟರು, ಸೊಸೆ ಇನ್ನೊಂದು ಕಡೆಯಿಂದ. ಕಲ್ಲು ಇಬ್ಬರ ನಾಲ್ಕು ಅಂಗೈಗಳ ನಡುವೆ ಮುಚ್ಚಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಹೊರಗೆ ಚಕ್ಕಡಿಯೊಂದು ಹೋದ ಸದ್ದು ಬಂದು ದೂರವಾಯಿತು.

"ಬಿಡೂದೇನು ಮೇಡಂ?" ಎಂದಳು ಹುಡುಗಿ.

ಅರಗು ಆಗಲೇ ಬಿಗಿದಿತ್ತು.

"ಇನ್ನೊಂದೀಟು ಹಿಡೀರಿ," ಎಂದೆ.